ಗೆದ್ದಲು ಕಟ್ಟಿದ ಹುತ್ತ

ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಅಂತ ನಮ್ಮಲ್ಲೊಂದು ಗಾದೆ. ಹೊಲದ ಬದುವಿನ ಮೇಲೆ ಹುತ್ತ ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮಣ್ಣನ್ನು ಬಾಯಲ್ಲಿ ಕಚ್ಚಿ ತಂದು, ಎಂಜಲು ಬೆರೆಸಿ ಹದ ಮಾಡಿ, ಕಾಳು ಕಾಳಾಗಿ ಕೂಡಿಸಿದ್ದು ಗೆದ್ದಲು. ಹಾಲೆರೆಸಿಕೊಳ್ಳುವುದು, ಪೂಜೆ ಮಾಡಿಸಿಕೊಳ್ಳುವುದು ಹಾವು. ಈಗ ಈ ಹುತ್ತದ ಮುಂದೆ ಮೂರನೆಯವನೊಬ್ಬ ಬಂದು ನಿಂತಿದ್ದಾನೆ. ಅವನು ವಾಸ್ತುಶಿಲ್ಪಿ. ಕೈಯಲ್ಲಿ ನೋಟುಬುಕ್ಕು ಇದೆ.

ಜಿಂಬಾಬ್ವೆಯ ರಾಜಧಾನಿ ಹರಾರೆಯಲ್ಲಿ 1996ರಲ್ಲಿ ಈಸ್ಟ್‌ಗೇಟ್ ಅನ್ನುವ ದೊಡ್ಡ ಕಟ್ಟಡವೊಂದು ಎದ್ದಿತು. ಆಫೀಸು, ಅಂಗಡಿಗಳ ಕಟ್ಟಡ. ವಿನ್ಯಾಸ ಮಾಡಿದವನು ಮಿಕ್ ಪಿಯರ್ಸ್. ಆಫ್ರಿಕದ ಬಯಲಿನಲ್ಲಿ ಆಳೆತ್ತರ ಮೀರಿ ಬೆಳೆಯುವ ಹುತ್ತಗಳಿಂದ ಅವನು ಪಾಠ ಕಲಿತ ಅನ್ನುತ್ತಾರೆ. ದಪ್ಪ ಗೋಡೆ, ದಪ್ಪ ಕಾಂಕ್ರೀಟು ಹಗಲಿನ ಶಾಖವನ್ನು ಹೀರಿ ಇಟ್ಟುಕೊಳ್ಳುತ್ತವೆ. ರಾತ್ರಿ ಫ್ಯಾನುಗಳು ಹೊರಗಿನ ತಂಪು ಗಾಳಿಯನ್ನು ಒಳಗೆ ತಳ್ಳಿ ಆ ಶಾಖವನ್ನು ತೊಳೆಯುತ್ತವೆ. ಬಿಸಿಗಾಳಿ ಮೇಲಿನ ಚಿಮಣಿಗಳಿಂದ ಹೊರಟುಹೋಗುತ್ತದೆ. ಮಾಮೂಲಿ ಏರ್‌ಕಂಡಿಷನ್ ಇಲ್ಲದೆ ಕಟ್ಟಡ ತಂಪು. ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಈಗ ಇದೊಂದು ಖಾಯಂ ಪಾಠ.

ತಮಾಷೆಯೆಂದರೆ ಹುತ್ತದ ಬಗ್ಗೆ ಅವರು ತಿಳಿದದ್ದು ಪೂರ್ತಿ ಸರಿಯಿರಲಿಲ್ಲ. ಸ್ಕಾಟ್ ಟರ್ನರ್ ಎಂಬ ಜೀವವಿಜ್ಞಾನಿ ನಮೀಬಿಯದ ಹುತ್ತಗಳನ್ನು ವರ್ಷಗಟ್ಟಲೆ ಅಳೆದು, ಹುತ್ತ ಚಿಮಣಿಯಲ್ಲ, ಅದು ಶ್ವಾಸಕೋಶ ಎಂದ. ಒಳಗಿನ ಬಿಸಿ-ತಂಪು ಸುತ್ತಲಿನ ನೆಲದ ಬಿಸಿ-ತಂಪನ್ನೇ ಹಿಂಬಾಲಿಸುತ್ತದಂತೆ. ಹುತ್ತದ ಕೆಲಸ ಉಸಿರಾಡಿಸುವುದು. ಕಟ್ಟಡ ಮಾತ್ರ ಚೆನ್ನಾಗಿಯೇ ನಡೆಯುತ್ತಿದೆ. ತಪ್ಪು ಓದಿನಿಂದಲೂ ಒಳ್ಳೆಯ ಕಟ್ಟಡ ಆಗಬಹುದು, ಅದಕ್ಕೆ ನನ್ನ ತಕರಾರಿಲ್ಲ.

ನನ್ನ ತಕರಾರು ಬೇರೆ. ಅದೇ ಹರಾರೆಯಲ್ಲಿ, ಆ ದೇಶದ ಇತರ ಪಟ್ಟಣಗಳಲ್ಲಿ, 2005ರಲ್ಲಿ ಸರ್ಕಾರ ಬಡವರ ಗುಡಿಸಲು, ಗೂಡಂಗಡಿಗಳ ಮೇಲೆ ಬುಲ್ಡೋಜರು ಹತ್ತಿಸಿತು. ಆ ಕಾರ್ಯಾಚರಣೆಗೆ ಅವರ ಭಾಷೆಯಲ್ಲಿ ಇಟ್ಟ ಹೆಸರು ಮುರಂಬಟ್ಸ್ವಿನ, ಅಂದರೆ ಹೊಲಸು ಗುಡಿಸು ಅಂತ. ಮನೆಯನ್ನೋ, ಹೊಟ್ಟೆಪಾಡನ್ನೋ, ಎರಡನ್ನೋ ಕಳೆದುಕೊಂಡವರು ಸುಮಾರು 7 ಲಕ್ಷ ಮಂದಿ ಎಂದು ವಿಶ್ವಸಂಸ್ಥೆಯ ವರದಿ ಲೆಕ್ಕ ಕೊಟ್ಟಿತು. ಗೆದ್ದಲಿನಿಂದ ಕಲಿತ ಊರು ಮನುಷ್ಯರನ್ನು ಹೊಲಸು ಎಂದು ಕರೆಯಿತು. ಎರಡನ್ನೂ ಮಾಡಿದವರು ಒಬ್ಬರೇ ಅಲ್ಲ, ನಿಜ. ಆದರೆ ಒಂದು ನಗರ ಎರಡನ್ನೂ ಒಟ್ಟಿಗೆ ಹೊಟ್ಟೆಯಲ್ಲಿಟ್ಟುಕೊಂಡು ನಿದ್ದೆ ಮಾಡಬಲ್ಲದು ಅನ್ನುವುದನ್ನು ನಾವು ಮರೆಯಬಾರದು. ಮನೆ ಭೂಮಿಯ ಮೇಲೆ ಹಗುರವಾಗಿದ್ದರೆ ಸಾಕೆ? ಮನುಷ್ಯನ ಮೇಲೂ ಹಗುರವಾಗಿರಬೇಡವೆ?

ಈ ಪ್ರಶ್ನೆಯನ್ನು ಎದೆಗೆ ಹಚ್ಚಿಕೊಂಡು ಒದ್ದಾಡಿದ ಒಬ್ಬ ಮನುಷ್ಯನಿದ್ದ. ಈಜಿಪ್ಟಿನ ಹಸನ್ ಫತ್ಹಿ. 1900ರಲ್ಲಿ ಹುಟ್ಟಿದವನು, ಜಮೀನ್ದಾರಿ ಮನೆತನದವನು. ಲಕ್ಸರ್ ಪಟ್ಟಣದ ಎದುರು, ನೈಲ್ ನದಿಯ ಪಶ್ಚಿಮ ದಡದಲ್ಲಿ ಗುರ್ನ ಅನ್ನುವ ಹಳ್ಳಿ. ಹಳೆಯ ರಾಜರ, ಅಧಿಕಾರಿಗಳ ಗೋರಿಗಳ ಮೇಲೆಯೇ ಜನ ಮನೆ ಕಟ್ಟಿಕೊಂಡಿದ್ದರು. ಗೋರಿಯಲ್ಲಿ ಸಿಕ್ಕ ಸಾಮಾನು ಮಾರುವುದು, ಪ್ರವಾಸಿಗಳಿಗೆ ದಾರಿ ತೋರಿಸುವುದು ಅವರ ಬದುಕು. ಪುರಾತತ್ವ ಇಲಾಖೆಗೆ ಇದು ಕಳ್ಳರ ಊರು. ಇವರನ್ನು ಅಲ್ಲಿಂದ ಎಬ್ಬಿಸಿ ಹೊಸ ಊರು ಕಟ್ಟಿಕೊಡು ಅಂತ ಫತ್ಹಿಗೆ ಕೆಲಸ ವಹಿಸಿದರು. 1945ರಲ್ಲಿ ಅವನು ಶುರುಮಾಡಿದ. ಸುಮಾರು 7 ಸಾವಿರ ಜನಕ್ಕೆ ಊರು.

ಯುದ್ಧದ ಕಾಲ, ಮರವಿಲ್ಲ, ಕಬ್ಬಿಣವಿಲ್ಲ. ಮರದ ಆಸರೆಯಿಲ್ಲದೆ ಕಮಾನು ಚಾವಣಿ ಕಟ್ಟುವುದು ಹೇಗೆ? ಉತ್ತರ ಫತ್ಹಿಗೆ ಸಿಕ್ಕಿದ್ದು ಕಾಲೇಜಿನಲ್ಲಲ್ಲ, ದಕ್ಷಿಣದ ಆಸ್ವಾನ್ ಕಡೆಯ ನೂಬಿಯನ್ ಗಾರೆಯವರ ಕೈಯಲ್ಲಿ. ಅವರು ಹಿಂದಿನ ಗೋಡೆಗೆ ಹಸಿ ಇಟ್ಟಿಗೆಗಳನ್ನು ಓರೆಯಾಗಿ ಒರಗಿಸಿ, ಒಂದರ ಬೆನ್ನಿಗೆ ಒಂದು ಬಳೆ ಕೂರಿಸಿದಂತೆ ಕಟ್ಟಿಕೊಂಡು ಹೋಗುತ್ತಾರೆ. ಸೆಂಟ್ರಿಂಗ್ ಇಲ್ಲ, ಒಂದು ಹಲಗೆಯೂ ಬೇಡ. ಮಣ್ಣು, ಹುಲ್ಲು, ಕೈ, ಕಣ್ಣಳತೆ. ಸಾವಿರಾರು ವರ್ಷದ ಭೌತವಿಜ್ಞಾನ ಆ ಕೈಗಳಲ್ಲಿತ್ತು. ಫತ್ಹಿ ಅದನ್ನು ಮುಚ್ಚಿಡಲಿಲ್ಲ, ಇದು ಅವರ ವಿದ್ಯೆ ಎಂದು ಬರೆದ. ಇಷ್ಟಕ್ಕೆ ಅವನಿಗೆ ನನ್ನ ನಮಸ್ಕಾರ ಇದೆ. ನಮ್ಮಲ್ಲಿ ಕೆರೆ ಅಗೆದ ಮಣ್ಣುವಡ್ಡರ ಹೆಸರು ಯಾವ ಕೆರೆಯ ಶಾಸನದಲ್ಲಿದೆ, ಹುಡುಕಿ ನೋಡಿ. ಕಟ್ಟಿಸಿದವನ ಹೆಸರಿರುತ್ತದೆ, ಕಟ್ಟಿದವನದು ಇರುವುದು ಅಪರೂಪ.

ಫತ್ಹಿ ಮಸೀದಿ ಕಟ್ಟಿದ, ಶಾಲೆ ಕಟ್ಟಿದ, ಸಂತೆಮಾಳ ಕಟ್ಟಿದ, ನಾಟಕಶಾಲೆ ಕಟ್ಟಿದ. ಗಾಳಿ ಯಾವ ದಿಕ್ಕಿನಿಂದ, ನೆರಳು ಯಾವ ಹೊತ್ತಿಗೆ, ಹೆಣ್ಣುಮಕ್ಕಳು ನೀರಿಗೆ ಹೋಗುವ ದಾರಿ ಯಾವುದು, ಎಲ್ಲ ಯೋಚಿಸಿದ. ಸಮಾಜಶಾಸ್ತ್ರ, ಹವಾಮಾನ, ಅರ್ಥಶಾಸ್ತ್ರ ಮೂರನ್ನೂ ನಕ್ಷೆಯೊಳಕ್ಕೆ ತಂದ. ಊರು ಚೆಲುವಾಯಿತು. ಆದರೆ ಗುರ್ನದ ಜನ ಬರಲಿಲ್ಲ.

ಗುಮ್ಮಟದ ಮನೆ ನಮಗೆ ಬೇಡ, ಅದು ಸತ್ತವರಿಗೆ ಕಟ್ಟುವ ಆಕಾರ ಅಂದವರಿದ್ದರು. ಆದರೆ ಮೂಲ ಕಾರಣ ಹೊಟ್ಟೆ. ಗೋರಿ ಬಿಟ್ಟು ಬಂದರೆ ಅನ್ನವೇ ಇಲ್ಲ. 1948ರ ಹೊತ್ತಿಗೆ ಕೆಲಸ ನಿಂತಿತು, ಊರು ಅರ್ಧಕ್ಕೇ ಉಳಿಯಿತು. ಆಮೇಲೆ ಫತ್ಹಿ ಬರೆದ ಪುಸ್ತಕ 1973ರಲ್ಲಿ 'ಬಡವರಿಗಾಗಿ ವಾಸ್ತುಶಿಲ್ಪ' ಅನ್ನುವ ಅರ್ಥದ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಬಂದು ಜಗತ್ಪ್ರಸಿದ್ಧವಾಯಿತು. ಹಳೆಯ ಗುರ್ನವನ್ನು ಸರ್ಕಾರ 2006ರ ಕೊನೆಯಿಂದ ಕೆಡವತೊಡಗಿ ಜನರನ್ನು ಮತ್ತೊಂದು ಕಾಲೋನಿಗೆ ಸಾಗಿಸಿತು.

ಫತ್ಹಿ ಒಳ್ಳೆಯವನು. ಒಂದೊಂದು ಸಂಸಾರವನ್ನೂ ಕೇಳಿ ಮನೆ ಕಟ್ಟಬೇಕು ಎಂದು ಹಂಬಲಿಸಿದವನು. ಆದರೆ 'ಕೋಣೆ ಹೇಗಿರಬೇಕು' ಅಂತ ಕೇಳುವ ಅಧಿಕಾರ ಅವನಿಗಿತ್ತೇ ಹೊರತು 'ಬರುತ್ತೀರಾ' ಅಂತ ಕೇಳುವ ಅಧಿಕಾರ ಇರಲಿಲ್ಲ. ಆ ಪ್ರಶ್ನೆಯನ್ನು ಇಲಾಖೆ ಮೊದಲೇ ನುಂಗಿತ್ತು. ನಮ್ಮ ಕೇರಿಗಳಿಗೆ ಬರುವ ಯೋಜನೆಗಳೂ ಹೀಗೇ. ಕಿಟಕಿ ಎಲ್ಲಿ ಬೇಕು ಅನ್ನುತ್ತಾರೆ. ನಿವೇಶನ ಎಲ್ಲಿ ಬೇಕು ಅನ್ನುವುದಿಲ್ಲ.

ಈಗ ಹತ್ತಿರಕ್ಕೆ ಬರೋಣ. ಲಾರಿ ಬೇಕರ್ 1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಕುಷ್ಠರೋಗಿಗಳ ಸೇವೆಗೆಂದು ಇಂಡಿಯಾಕ್ಕೆ ಬಂದು, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡ ವಾಸ್ತುಶಿಲ್ಪಿ. ಊರಾಚೆ ದಬ್ಬಿದ ಮನುಷ್ಯರ ನಡುವೆ ಅವನ ಇಲ್ಲಿನ ಕೆಲಸ ಶುರುವಾಯಿತು ಅನ್ನುವುದು ಸಣ್ಣ ವಿಷಯವಲ್ಲ. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಕಟ್ಟಿದರೆ ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಟೊಳ್ಳಿನ ಗಾಳಿ ಬಿಸಿಲನ್ನು ತಡೆಯುತ್ತದೆ. ಚಾವಣಿಯ ಮೋಲ್ಡಿನಲ್ಲಿ ಕೆಳಗಿನ ಅರ್ಧ ಭಾಗದ ಕಾಂಕ್ರೀಟು ಭಾರ ಹೊರುವುದಿಲ್ಲ. ಅಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣದ ಸರಳು. ಹಾಗಾದರೆ ಅಲ್ಲಿ ಸಿಮೆಂಟು ಯಾಕೆ ಸುರಿಯಬೇಕು, ಒಡೆದ ಹೆಂಚು ಇಟ್ಟರೆ ಸಾಲದೆ? ಇಷ್ಟೇ ಅವನ ತರ್ಕ. ಆ ಹೆಂಚು ನಮ್ಮದೇ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ತಯಾರಿಸಿದ ಮಂಗಳೂರು ಹೆಂಚು.

ಗಾಂಧಿ ಬೇಕರನಿಗೆ ಹೇಳಿದ ಮಾತೊಂದನ್ನು ಎಲ್ಲರೂ ಹೇಳುತ್ತಾರೆ: ಮನೆಯನ್ನು ಐದು ಮೈಲಿ ಸುತ್ತಳತೆಯಲ್ಲಿ ಸಿಗುವ ಸಾಮಾನಿನಿಂದ ಕಟ್ಟಬೇಕು ಎಂದು. ಪರಿಸರದವರಿಗೆ ಇದು ಮಂತ್ರ. ಲಾರಿ ಕಡಿಮೆ, ಡೀಸೆಲ್ ಕಡಿಮೆ, ಹೊಗೆ ಕಡಿಮೆ. ಸರಿಯಾದ ಮಾತೇ. ಆದರೆ ಕೇರಿಯಲ್ಲಿ ಕೂತವನು ಇನ್ನೊಂದು ಕೇಳುತ್ತಾನೆ: ಆ ಐದು ಮೈಲಿ ಯಾರದ್ದು ಸ್ವಾಮಿ? ಮಣ್ಣು ತೆಗೆಯಲು ಹೋದರೆ ಗೌಡರ ಹೊಲ. ಕೆರೆಯ ಹೂಳು ತೆಗೆಯಲು ಹೋದರೆ ಪಂಚಾಯ್ತಿಯವರ ಹರಾಜು. ಮರ ಕಡಿದರೆ ಫಾರೆಸ್ಟಿನವರ ಕೇಸು. ಕಲ್ಲು ಒಡೆದರೆ ಕ್ವಾರಿ ಲೀಸಿನವನ ಆಳುಗಳು. ಸಿಮೆಂಟಿಗೆ ಮಾತ್ರ ಜಾತಿಯಿಲ್ಲ, ದುಡ್ಡು ಕೊಟ್ಟರೆ ಚೀಲ ಬರುತ್ತದೆ. ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಹೊಗಳುವವರಿಗೆ ಉತ್ತರ ಕೊಟ್ಟದ್ದು ಇದನ್ನು ಅರಿತೇ. ಹಳ್ಳಿ ಅವರ ಕಣ್ಣಿಗೆ ಅಜ್ಞಾನದ, ಸಂಕುಚಿತ ಬುದ್ಧಿಯ, ಜಾತೀಯತೆಯ ಗುಹೆಯಾಗಿತ್ತು. ಸ್ಥಳೀಯ ಅನ್ನುವ ಪದ ಕೇಳಿದ ಕೂಡಲೇ ಪರಿಸರದವನಿಗೆ ಹಸಿರು ಕಾಣುತ್ತದೆ. ನಮಗೆ ಒಡೆಯನ ಮುಖ ಕಾಣುತ್ತದೆ.

ಕೇರಳದಲ್ಲೇ 1972ರಲ್ಲಿ ಒಂದು ಲಕ್ಷ ಮನೆಗಳ ಯೋಜನೆ ಶುರುವಾಯಿತು. ಸಚಿವ ಎಂ.ಎನ್. ಗೋವಿಂದನ್ ನಾಯರ್ ಮುಂದೆ ನಿಂತು ನಡೆಸಿದ್ದು. ಭೂಮಿಯಿಲ್ಲದವರಿಗೆ ಮನೆ, ಖರ್ಚು ಉಳಿಸಲು ನಡುವೆ ಒಂದೇ ಗೋಡೆಯಿಟ್ಟು ಜೋಡಿಮನೆ. ಉದ್ದೇಶ ದೊಡ್ಡದು, ಅದರಿಂದ ಸೂರು ಸಿಕ್ಕವರು ಬಹಳ. ಆದರೆ ಬರಬರುತ್ತಾ 'ಲಕ್ಷಂ ವೀಡ್' ಅನ್ನುವ ಪದವೇ ಜಾತಿ ಹೇಳುವ ಪದವಾಯಿತು. ಶಾಲೆಯಲ್ಲಿ ಹುಡುಗ ವಿಳಾಸ ಹೇಳಿದರೆ ಸಾಕು, ಮುಂದಿನದು ಕೇಳಬೇಕಾಗಿಲ್ಲ. 2024ರ ಜೂನ್‌ನಲ್ಲಿ ಕೆ. ರಾಧಾಕೃಷ್ಣನ್ ಅವರು ಮಂತ್ರಿಗಿರಿ ಬಿಡುವ ಮುನ್ನ, ಪರಿಶಿಷ್ಟರ ವಸತಿಗಳನ್ನು 'ಕಾಲೋನಿ' ಎಂದು ಕರೆಯಬಾರದು ಎಂದು ಆಜ್ಞೆ ಹೊರಡಿಸಬೇಕಾಯಿತು. ಅರ್ಧ ಶತಮಾನ ಆದ ಮೇಲೆ! ನಮ್ಮಲ್ಲಿ ಎ.ಕೆ. ಕಾಲೋನಿ ಇದೆ, ಜನತಾ ಕಾಲೋನಿ ಇದೆ. ಬಸ್ಸಿನಲ್ಲಿ ಕಂಡಕ್ಟರಿಗೆ ಸ್ಟಾಪಿನ ಹೆಸರು ಹೇಳುವಾಗ ದನಿ ತಗ್ಗಿಸುವ ಹುಡುಗಿಯರನ್ನು ನಾನು ನೋಡಿದ್ದೇನೆ. ಗೋಡೆಯ ದಪ್ಪ, ಕಿಟಕಿಯ ಅಳತೆ ಎಲ್ಲ ಸರಿಯಿದ್ದೂ ಮನೆ ಮನುಷ್ಯನನ್ನು ತಿನ್ನಬಹುದು.

ಕರ್ನಾಟಕದ ಕಥೆ ಇದಕ್ಕಿಂತ ಸ್ವಲ್ಪ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಹುಟ್ಟಿತು. ದೊಡ್ಡ ವಿಜ್ಞಾನ ಹಳ್ಳಿಯ ಬಡವನಿಗೆ ಏನು ಮಾಡಿದೆ ಅನ್ನುವ ಪ್ರಶ್ನೆಯಿಂದ ಹುಟ್ಟಿದ್ದು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ಕೇಂದ್ರವಿತ್ತು. ಕೆ.ಎಸ್. ಜಗದೀಶ್ ಮುಂತಾದವರು ಮಣ್ಣಿನ ಇಟ್ಟಿಗೆಯ ಮೇಲೆ ಕೆಲಸ ಮಾಡಿದರು. ಮರಳಿನಂಶವಿರುವ ಮಣ್ಣಿಗೆ ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟು ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅದುಮಿ, ಕೆಲವು ವಾರ ನೀರುಣಿಸಿದರೆ ಇಟ್ಟಿಗೆ ಗಟ್ಟಿ. ಗೂಡಿನಲ್ಲಿ ಸುಡುವ ಹಾಗಿಲ್ಲ, ಸೌದೆ ಬೇಡ. ಮಣ್ಣಿನ ವಿಜ್ಞಾನ, ಶಕ್ತಿಯ ಲೆಕ್ಕಾಚಾರ, ಹಳ್ಳಿಯ ಕೂಲಿಯ ಲೆಕ್ಕ ಎಲ್ಲವೂ ಒಂದು ಇಟ್ಟಿಗೆಯಲ್ಲಿ ಕೂಡಿದ್ದವು.

ಆ ಇಟ್ಟಿಗೆ ಈಗ ಹೆಚ್ಚು ಕಾಣುವುದು ಎಲ್ಲಿ? ಬೆಂಗಳೂರಿನ ಹೊರವಲಯದ ತೋಟದ ಮನೆಗಳಲ್ಲಿ. ಗಿಲಾವು ಮಾಡದೆ ಕೆಂಪಗೆ ಬಿಟ್ಟ ಗೋಡೆ, ಮುಂದೆ ಎರಡು ಕಾರು. ಹುತ್ತದ ಗಾದೆ ಇಲ್ಲಿ ಮತ್ತೆ ನೆನಪಾಗುತ್ತದೆ. ವಿಜ್ಞಾನಿಗಳನ್ನು ಇದಕ್ಕೆ ದೂರಲಾರೆ. ಅವರು ಮಾಡಿದ್ದು ಪ್ರಾಮಾಣಿಕ ಕೆಲಸ. ಆದರೆ ಕೇರಿಯವನು ಅದನ್ನು ಯಾಕೆ ಬೇಡವೆಂದ? ಒಬ್ಬ ಗಾರೆ ಮೇಸ್ತ್ರಿ, ನಮ್ಮವನೇ, ಒಮ್ಮೆ ನನಗೆ ಹೇಳಿದ: "ಮೇಷ್ಟ್ರೇ, ಮೂವತ್ತು ವರ್ಷ ಊರವರಿಗೆಲ್ಲ ಮೋಲ್ಡ್ ಹಾಕ್ಕೊಟ್ಟೆ. ನನ್ ಮನೆಗೆ ಮಾತ್ರ ಮಣ್ಣು ಅಂದ್ರೆ ಹೆಂಗೆ? ಬಡವ್ರಿಗೇ ಯಾಕೆ ಭೂಮ್ತಾಯಿ ಚಿಂತೆ ಹಚ್ತೀರಿ?"

ಇದಕ್ಕೆ ನಾವು ಉತ್ತರ ಹೇಳಲೇಬೇಕು, ಜಾರಿಕೊಳ್ಳುವ ಹಾಗಿಲ್ಲ. ಜಗತ್ತಿನಲ್ಲಿ ಮನುಷ್ಯರು ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ಸುಮಾರು 8 ಪಾಲು ಸಿಮೆಂಟಿನಿಂದಲೇ. ಭೂಮಿ ಕಾಯುತ್ತಿದೆ ಅನ್ನುವುದು ಸುಳ್ಳಲ್ಲ. ಕಾದ ಭೂಮಿಯಲ್ಲಿ ಮೊದಲು ಬೇಯುವವನು ಕಲ್ಲುಕ್ವಾರಿಯಲ್ಲಿ, ಗದ್ದೆಯಲ್ಲಿ ದುಡಿಯುವವನೇ. ಆದರೆ ಆ ಸಿಮೆಂಟು ಹೋದದ್ದೆಲ್ಲಿ? ಮೇಲ್ಸೇತುವೆಗೆ, ಮಾಲುಗಳಿಗೆ, ಒಬ್ಬನೇ ಇರುವ ನಾಲ್ಕು ಅಂತಸ್ತಿನ ಮನೆಗೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಯ ಕನಿಷ್ಠ ಅಳತೆ ಅಡುಗೆಮನೆ ಸೇರಿ 25 ಚದರ ಮೀಟರು. ಇಷ್ಟರಲ್ಲಿ ಎಷ್ಟು ಸಿಮೆಂಟು ಹಿಡಿದೀತು? ಉಳಿತಾಯದ ಉಪದೇಶ ಶುರುವಾಗಬೇಕಾದದ್ದು ಅಲ್ಲಿಂದಲ್ಲ.

ಮಣ್ಣಿನ ಮನೆಯನ್ನು ಹಾಡಿ ಹೊಗಳುವವರು ಅದರ ಚಾಕರಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಬ್ಬಕ್ಕೊಮ್ಮೆ ಗೋಡೆ ಬಳಿಯುವವರು ಯಾರು, ವಾರವಾರ ನೆಲಕ್ಕೆ ಸಗಣಿ ಸಾರಿಸುವವರು ಯಾರು? ಹೆಂಗಸರು. ಕೂಲಿಯಿಂದ ಬಂದು ಸೊಂಟ ಬಗ್ಗಿಸಿ ಸಾರಿಸುತ್ತಾರೆ. 2019ರ ಆಗಸ್ಟಿನ ಪ್ರವಾಹದಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ನೆನೆದು ಕುಸಿದ ಮಣ್ಣಿನ ಗೋಡೆಗಳನ್ನು ನೋಡಿದವರು ಮಣ್ಣಿನ ಬಗ್ಗೆ ಪದ್ಯ ಬರೆಯುವ ಮುಂಚೆ ಒಂದು ಕ್ಷಣ ನಿಲ್ಲುತ್ತಾರೆ.

ಹಾಗಂತ ಕಾಂಕ್ರೀಟೇ ಬಿಡುಗಡೆ ಅಂತ ನಾನು ಹೇಳಲಾರೆ. ತೆಳು ಗೋಡೆ, ನಾಲ್ಕಂಗುಲದ ಮೋಲ್ಡು, ಎದುರುಬದುರು ಕಿಟಕಿಯಿಲ್ಲದ ಮನೆ ಏಪ್ರಿಲ್‌ನಲ್ಲಿ ರೊಟ್ಟಿ ಹಂಚು. ಹಗಲೆಲ್ಲ ಹೀರಿದ ಬಿಸಿಯನ್ನು ಅದು ರಾತ್ರಿಯೆಲ್ಲ ತಲೆಯ ಮೇಲೆ ಸುರಿಯುತ್ತದೆ. ಜನ ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಬಂದು ಮಲಗುತ್ತಾರೆ. ಆರ್‌ಸಿಸಿ ಮನೆಯ ಮಾನವೂ ನಮಗೆ ಬೇಕು, ತಂಪೂ ಬೇಕು. ಇವೆರಡರಲ್ಲಿ ಒಂದನ್ನು ಆರಿಸಿಕೋ ಅನ್ನುವುದೇ ಮೋಸ. ಹೆಂಚು ತುಂಬಿದ ಚಾವಣಿ, ಟೊಳ್ಳು ಗೋಡೆ, ಹರಾರೆಯ ರಾತ್ರಿಗಾಳಿಯ ಲೆಕ್ಕ, ಇದೆಲ್ಲ ನಮ್ಮ ಪಾಲಿನ ವಿದ್ಯೆ ಕೂಡ. ಅದನ್ನು ಉಪಕಾರದ ಹಾಗೆ ಕೊಡಬೇಡಿ. ತೋಟದ ಮನೆಗೆ ನಕ್ಷೆ ಬರೆಯುವ ಅದೇ ಇಂಜಿನಿಯರು ಬಂದು, ಅದೇ ಮುತುವರ್ಜಿಯಿಂದ, ನಮ್ಮ ಮೇಸ್ತ್ರಿಯ ಪಕ್ಕ ಕೂತು ಬರೆಯಲಿ.

ಹವಾಮಾನ ಅರಿತು ಕಟ್ಟುವುದು ಹೊಸ ವಿದ್ಯೆ ಅನ್ನುತ್ತಾರೆ. ಗೆಳೆಯರೆ, ನಮ್ಮ ಊರುಗಳನ್ನು ನೋಡಿ. ಎಷ್ಟೋ ಊರುಗಳಲ್ಲಿ ಕೇರಿ ಇರುವುದು ಗಾಳಿ ಊರನ್ನು ದಾಟಿ ಬರುವ ದಿಕ್ಕಿನಲ್ಲಿ, ನೀರು ಇಳಿದುಬರುವ ತಗ್ಗಿನಲ್ಲಿ. ಕೇರಿಯ ಗಾಳಿ ಊರಿಗೆ ಬೀಸಬಾರದು, ಊರಿನ ಕೊಳಚೆ ಕೇರಿಗೆ ಹರಿಯಬಹುದು. ಹೀಗೆ ಊರು ಹಾಕಿದವನಿಗೆ ಗಾಳಿಯ ಶಾಸ್ತ್ರ ಗೊತ್ತಿರಲಿಲ್ಲವೆ? ಚೆನ್ನಾಗಿಯೇ ಗೊತ್ತಿತ್ತು. ಶಾಸ್ತ್ರ ಸರಿಯಾಗಿದ್ದರೆ ನೀತಿಯೂ ಸರಿಯಾಗಿರುತ್ತದೆ ಎಂದು ನಂಬಿದವರು ಈ ನಕ್ಷೆಯ ಮುಂದೆ ನಿಲ್ಲಬೇಕು.

ಹಳೆಯ ಕಾಲ ಬಿಡಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಆಮೇಲೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ವೈದ್ಯಶಾಸ್ತ್ರ ಹೇಳಿದಂತೆ ಗಾಳಿ, ಬೆಳಕು, ಅಗಲ ರಸ್ತೆ. ಬಹಳ ಒಳ್ಳೆಯದು. ಜೊತೆಗೆ ಜಾತಿ ಮತಗಳಿಗೆ ತಕ್ಕಂತೆ ಬೇರೆ ಬೇರೆ ಭಾಗಗಳು, ಮನೆಗಳ ಹಿಂಬದಿಗೆ ಕನ್ಸರ್ವೆನ್ಸಿ ಓಣಿ. ಮಲದ ಬುಟ್ಟಿ ಹೊರುವವನು ಹಿಂದಿನಿಂದ ಬಂದು, ಯಾರ ಕಣ್ಣಿಗೂ ಬೀಳದೆ ಹಿಂದಿನಿಂದಲೇ ಹೋಗುವ ದಾರಿ. ರೋಗಾಣುವನ್ನು ಕಂಡುಹಿಡಿದ ವಿಜ್ಞಾನ ಮನುಷ್ಯನನ್ನು ಕಾಣದಂತೆ ಮಾಡುವ ಓಣಿಗೆ ಕೆಲಸಕ್ಕೆ ಬಂತು. 1970ರ ದಶಕದ ಆರಂಭದಲ್ಲಿ ಬಿ. ಬಸವಲಿಂಗಪ್ಪನವರು ಪೌರಾಡಳಿತ ಮಂತ್ರಿಯಾಗಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1993ರಲ್ಲಿ ದೇಶಕ್ಕೆ ಕಾಯ್ದೆ ಬಂತು. ಆ ಕಾಯ್ದೆಯ ಹೆಸರಿನಲ್ಲೇ ಒಣ ಪಾಯಿಖಾನೆ ಕಟ್ಟುವುದರ ನಿಷೇಧವಿದೆ. ಕಟ್ಟಡದ ಒಂದು ವಿನ್ಯಾಸವನ್ನೇ ಅಪರಾಧ ಅಂದ ಕಾಯ್ದೆ ಅದು. ವಾಸ್ತುಶಿಲ್ಪ ಓದುವ ಮಕ್ಕಳಿಗೆ ಹುತ್ತಕ್ಕಿಂತ ಮೊದಲು ಇದನ್ನು ಹೇಳಿಕೊಡಬೇಕಿತ್ತು.

ವಿಜ್ಞಾನ ನಮ್ಮ ಕಡೆಗೂ ನಿಲ್ಲಬಲ್ಲದು ಅನ್ನುವುದಕ್ಕೆ ಎರಡು ಗುಂಡಿಯ ಪಾಯಿಖಾನೆ ಸಾಕ್ಷಿ. ಬಿಂದೇಶ್ವರ್ ಪಾಠಕ್ 1970ರಲ್ಲಿ ಬಿಹಾರದಲ್ಲಿ ಸುಲಭ್ ಸಂಸ್ಥೆ ಕಟ್ಟಿ ಇದನ್ನು ಹರಡಿದರು. ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಕಟ್ಟಿದ ಎರಡು ಗುಂಡಿ. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸುವುದು. ಮೊದಲನೆಯದರಲ್ಲಿ ನೀರು ಇಂಗಿ, ಸೂಕ್ಷ್ಮಜೀವಿಗಳು ತಮ್ಮ ಕೆಲಸ ಮುಗಿಸಿ, ಒಂದೂವರೆ ಎರಡು ವರ್ಷದಲ್ಲಿ ವಾಸನೆಯಿಲ್ಲದ ಒಣ ಗೊಬ್ಬರ. ಬಾವಿಯಿಂದ ದೂರ ಇರಬೇಕು ಅಷ್ಟೆ. ಯಾವ ಮನುಷ್ಯನೂ ಹಸಿ ಮಲ ಮುಟ್ಟಬೇಕಾಗಿಲ್ಲ. ಸೆಪ್ಟಿಕ್ ಟ್ಯಾಂಕು ಹಾಗಲ್ಲ. ಅದು ಮುಚ್ಚಿದ ತೊಟ್ಟಿ, ಕೆಸರು ತುಂಬುತ್ತದೆ, ವಿಷಗಾಳಿ ತುಂಬುತ್ತದೆ, ಒಂದು ದಿನ ಯಾರೋ ಇಳಿಯಬೇಕು. 2013ರ ಕಾಯ್ದೆ ರಕ್ಷಣೆಯಿಲ್ಲದೆ ಇಳಿಸಕೂಡದು ಅನ್ನುತ್ತದೆ, ಸಾವುಗಳು ನಿಂತಿಲ್ಲ. ಅದರ ನಕ್ಷೆ ಬರೆಯುವಾಗಲೇ ಇಳಿಯುವವನ ಜಾತಿಯನ್ನೂ ಬರೆದಾಗಿರುತ್ತದೆ.

ಆದರೂ ಹಳ್ಳಿಗಳಲ್ಲಿ ಎರಡು ಸಣ್ಣ ಗುಂಡಿ ಬೇಡ, ಒಂದೇ ಬಾವಿಯಂಥ ಗುಂಡಿ ಬೇಕು ಅನ್ನುವವರೇ ಹೆಚ್ಚು. ಯಾಕೆ? ಗೊಬ್ಬರವಾದರೂ ಅದನ್ನು ಬಳಿಯುವವನು 'ಅವನೇ' ಆಗಬೇಕು, ಅವನು ಈಗ ಬರುತ್ತಿಲ್ಲ. ಜಾತಿ ಮನಸ್ಸಿನಲ್ಲಿರುವವರೆಗೆ ಸೂಕ್ಷ್ಮಜೀವಿ ಎಷ್ಟು ದುಡಿದರೂ ಸಾಲದು. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿಗಳು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರಲ್ಲ, ಅವರು ಕೇಳಿದ್ದು ಏನು? ತಾವಿದ್ದ ಜಾಗದಿಂದ ತಮ್ಮನ್ನು ಎಬ್ಬಿಸಬೇಡಿ ಅಂತ. ಮನೆಯ ಪ್ರಶ್ನೆ.

ಅಂಬೇಡ್ಕರ್ ಅವರು 1917ರಲ್ಲಿ ಕೊಲಂಬಿಯಾದಲ್ಲಿ ಓದಿ ಬಂದು ಬರೋಡಕ್ಕೆ ನೌಕರಿಗೆ ಹೋದಾಗ ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಹೆಸರು ಮರೆಸಿ ಉಳಿದು, ಅಲ್ಲಿಂದಲೂ ದೊಣ್ಣೆ ಹಿಡಿದವರು ಹೊರದಬ್ಬಿದರು. 1930ರ ದಶಕದ ಆರಂಭದಲ್ಲಿ ಅದೇ ಮನುಷ್ಯ ಮುಂಬಯಿಯ ದಾದರಿನಲ್ಲಿ 'ರಾಜಗೃಹ' ಕಟ್ಟಿಸಿದರು. ಬಡಾವಣೆಯ ಹೆಸರು ಹಿಂದೂ ಕಾಲೋನಿ, ನಗಬೇಡಿ. ಮನೆ ಕಟ್ಟಿಸಿದ್ದು ಮುಖ್ಯವಾಗಿ ಪುಸ್ತಕಗಳಿಗೆ. ಅವರ ಗ್ರಂಥಗಳನ್ನು ಎಲ್ಲಿಡುವುದು, ಎಲ್ಲಿ ಕೂತು ಓದುವುದು ಅನ್ನುವುದರ ಮೇಲೆ ಆ ಮನೆಯ ನಕ್ಷೆ ನಿಂತಿತ್ತು. 25 ಚದರ ಮೀಟರಿನ ನಮ್ಮ ನಕ್ಷೆಯಲ್ಲಿ ಒಲೆಗೆ ಜಾಗವಿದೆ. ಎಸ್ಸೆಸ್ಸೆಲ್ಸಿ ಓದುವ ಹುಡುಗಿ ರಾತ್ರಿ ಎಲ್ಲಿ ಕೂರಬೇಕು?

ಹಳ್ಳಿ ಮೇಷ್ಟ್ರುಗಳು ಈ ಪತ್ರಿಕೆ ಓದುತ್ತೀರಿ. ಏಳನೇ ಕ್ಲಾಸಿನ ಮಕ್ಕಳಿಗೆ ಊರಿನ ನಕ್ಷೆ ಬರೆಯಲು ಹೇಳಿ. ಗಾಳಿಗೆ ಒಂದು ಬಾಣದ ಗುರುತು, ಚರಂಡಿಗೆ ಒಂದು ಗುರುತು, ಬೋರ್‌ವೆಲ್ಲು, ಗುಡಿ, ಶಾಲೆ, ಕೇರಿ. ಒಬ್ಬೊಬ್ಬರ ಮನೆಯನ್ನು ಅವರವರೇ ಬರೆಯಲಿ. ಎಷ್ಟು ಕಿಟಕಿ, ಚಾವಣಿ ಯಾವುದು, ಬೇಸಿಗೆ ರಾತ್ರಿ ಎಲ್ಲಿ ಮಲಗುತ್ತಾರೆ, ಮನೆ ಕಟ್ಟಿದ ಗಾರೆಯವನ ಹೆಸರೇನು. ಎಲ್ಲ ಹಾಳೆಗಳನ್ನೂ ಗೋಡೆಗೆ ಅಂಟಿಸಿ, ಗ್ರಾಮಸಭೆ ಇರುವ ದಿನ ತೆಗೆಯಬೇಡಿ.